ಚಿನ್ನದ ಗೆರೆ, ಕಾಣದ ಬೆಳಕು

1902ರಲ್ಲಿ ಅಮೆರಿಕದ ರಾಬರ್ಟ್ ವುಡ್ ಸಣ್ಣ ಗೆರೆ ಕೊರೆದ ಲೋಹದ ಫಲಕದ ಮೇಲೆ ಬೆಳಕು ಬಿಟ್ಟರು. ಮೂಡಿದ ಬಣ್ಣದ ಪಟ್ಟಿಯಲ್ಲಿ ಅಲ್ಲಲ್ಲಿ ವಿನಾಕಾರಣ ಕಪ್ಪು! ಲೋಹದ ಮೈಮೇಲೆ ಎಲೆಕ್ಟ್ರಾನುಗಳು ಬೆಳಕಿನೊಡನೆ ಅಲೆಯಾಗಿ ತೂಗುತ್ತವೆಂಬುದು ತಿಳಿಯಲು ದಶಕಗಳೇ ಹಿಡಿದವು.

1987ರಲ್ಲಿ ಬೆಲ್ ಲ್ಯಾಬ್ಸ್‌ನ ಲೆವಿನ್ ತಂಡ ಗ್ಯಾಲಿಯಂ ಆರ್ಸೆನೈಡ್ ಪದರಗಳಲ್ಲಿ ಕಣ್ಣಿಗೆ ಕಾಣದ ಅವಗೆಂಪು ಬೆಳಕಿನ ಶೋಧಕ ಕಟ್ಟಿತು. ಅದಕ್ಕೊಂದು ವಿಚಿತ್ರ ಹಟ: ನೆಟ್ಟಗೆ ಬಿದ್ದ ಬೆಳಕನ್ನು ಅದು ಹೀರುತ್ತಲೇ ಇರಲಿಲ್ಲ. ಹಾಗಾಗಿ ಶೋಧಕದ ಚಿಪ್‌ನ ಅಂಚನ್ನು 45 ಡಿಗ್ರಿಗೆ ಉಜ್ಜಿ, ಓರೆಯಾಗಿ ಬೆಳಕು ನುಗ್ಗಿಸುತ್ತಿದ್ದರು. ಪ್ರಯೋಗಾಲಯಕ್ಕೇನೋ ಸರಿ, ಸಾವಿರಾರು ಬಿಂದುಗಳ ಕ್ಯಾಮೆರಾದಲ್ಲಿ ಪ್ರತಿಯೊಂದಕ್ಕೂ ಅಂಚು ಎಲ್ಲಿಂದ ತರುವುದು?

ಉತ್ತರ ವುಡ್ ಅವರ ಗೆರೆಗಳಲ್ಲೇ ಇತ್ತು. ಪ್ರತಿ ಬಿಂದುವಿನ ನೆತ್ತಿಗೆ ಚಿನ್ನ ಲೇಪಿಸಿದ ಗೆರೆಗಳು ಬಂದು, ಬೆಳಕನ್ನು ಅಡ್ಡಕ್ಕೆ ತಿರುಗಿಸಿದವು.

1998ರಲ್ಲಿ ವಿಜ್ಞಾನಿ ಎಬ್ಬೆಸೆನ್ ತಂಡ, ಲೋಹದ ಮೈಮೇಲಿನ ಅದೇ ಅಲೆಗಳ ನೆರವಿನಿಂದ ಬೆಳ್ಳಿಯ ಹಾಳೆಯ ಕಿರುತೂತುಗಳಿಂದ ನಿರೀಕ್ಷೆಗಿಂತ ಹೆಚ್ಚು ಬೆಳಕು ಹೊರಬರುವುದನ್ನು ತೋರಿಸಿದ ಮೇಲೆ, ತೂತಿನ ಚಿನ್ನದ ಹಾಳೆಗಳೂ ಶೋಧಕಗಳನ್ನೇರಿದವು. ಆದರೆ ದಲ್ಲಾಳಿಯಂತೆ ಲೋಹವೂ ತನ್ನ ಪಾಲು ಬಿಡದು. ಸ್ವಲ್ಪ ಬೆಳಕನ್ನು ತಾನೇ ನುಂಗಿ ಬಿಸಿಯಾಗುತ್ತದೆ.