ಕಂಬ ಉಳಿದು ಹಾಸು ಹೋದ ಸೇತುವೆ: ಡೋಣಿಯ ದಂಡೆಯಿಂದ ಆನೆಗೊಂದಿಯವರೆಗೆ ಒಂದು ಮರುವಿಚಾರ

ವಿಜಯಪುರದಿಂದ ಬಬಲೇಶ್ವರಕ್ಕೆ ಹೋಗುವ ರಸ್ತೆ ಸಾರವಾಡದ ಬಳಿ ಡೋಣಿ ನದಿಯನ್ನು ದಾಟುತ್ತದೆ. ಜತ್ತದ ಕಡೆಯಿಂದ ಹರಿದುಬಂದು, ಟಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳನ್ನು ಹಾದು, ತಾಳಿಕೋಟೆಯ ಆಚೆ ಕೃಷ್ಣೆಯನ್ನು ಕೂಡುವ ಈ ನದಿ ಬೇಸಿಗೆಯಲ್ಲಿ ಯಾರಿಗೂ ಅಡ್ಡಿಯಲ್ಲ. ದೊಡ್ಡ ಮಳೆಯಾದರೆ ಮಾತ್ರ ಎರೆಮಣ್ಣಿನ ಹೂಳು ಹೊತ್ತು ದಂಡೆ ಮೀರಿ ಹೊಲಕ್ಕೆ ನುಗ್ಗುತ್ತದೆ. ಇಂದಿನ ಕಾಂಕ್ರೀಟು ಸೇತುವೆಗಳೂ ಆಗ ಮುಳುಗುತ್ತವೆ. ತೊರವಿಯಿಂದ, ಬೇಗಂ ತಲಾಬಿನಿಂದ ನಗರಕ್ಕೆ ನೀರು ತಂದ ಆದಿಲ್‌ಶಾಹಿ ಜಲತಂತ್ರದ ಬಗ್ಗೆ ಸಾಕಷ್ಟು ಬರಹ ಬಂದಿದೆ. ಅದೇ ಸೀಮೆಯ ಜನ ನೀರನ್ನು ದಾಟಿದ್ದು ಹೇಗೆ ಎಂಬ ಪ್ರಶ್ನೆಗೆ ಅಷ್ಟು ಗಮನ ಸಂದಿಲ್ಲ.

ಈ ಬಗೆಗಿನ ಸಾಮಾನ್ಯ ಅಭಿಪ್ರಾಯ ಸರಳವಾದುದು: ದಖ್ಖನದ ನದಿಗಳನ್ನು ಬೇಸಿಗೆಯಲ್ಲಿ ಕಾಲ್ಗಡವಿನಲ್ಲಿ, ಮಳೆಗಾಲದಲ್ಲಿ ಹರಿಗೋಲಿನಲ್ಲಿ ದಾಟುತ್ತಿದ್ದರು. 1565ರ ತಾಳಿಕೋಟೆ ಯುದ್ಧದ ಬಗ್ಗೆ ಇತಿಹಾಸಕಾರ ಫಿರಿಶ್ತಾ ಬರೆದದ್ದೂ ಇದಕ್ಕೆ ಹೊಂದುತ್ತದೆ. ಸುಲ್ತಾನರ ಸೈನ್ಯ ಕೃಷ್ಣೆಯ ದಂಡೆಗೆ ಬಂದಾಗ ಕಡವನ್ನು ವಿಜಯನಗರದ ಪಡೆ ಕಾದು ನಿಂತಿತ್ತು. ಬೇರೆಲ್ಲೋ ದಾಟುವವರಂತೆ ದಂಡೆಗುಂಟ ಸಾಗಿ ಎದುರಾಳಿಯನ್ನು ಅತ್ತ ಸೆಳೆದು, ಹಿಂದಿರುಗಿ ಅದೇ ಕಡವಿನಲ್ಲಿ ಸೈನ್ಯ ದಾಟಿತು. ಎರಡೂ ಪಕ್ಷಗಳ ಭವಿಷ್ಯ ಒಂದು ಕಡವಿನ ಮೇಲೆ ನಿಂತಿದ್ದಾಗಲೂ ಅಲ್ಲಿ ಸೇತುವೆಯ ಮಾತಿಲ್ಲ. ಟಿಕೋಟಾ, ಬಬಲೇಶ್ವರಗಳ ಮಟ್ಟಿಗೆ ಕಾರಣ ನೆಲದಲ್ಲೇ ಇದೆ. ಇದು ಕರಿಕಲ್ಲಿನ ಮೇಲೆ ಎರೆಮಣ್ಣು ಹೊದ್ದ ಬಯಲು. ಹೂಳು ತುಂಬಿ ಆಗಾಗ ಪಾತ್ರ ಬದಲಿಸುವ ನದಿ. ಉದ್ದನೆಯ ಕಂಬ ಸೀಳಲು ಕಣಶಿಲೆಯಿಲ್ಲ, ತೊಲೆಗೆ ಕಾಡಿಲ್ಲ. ಇಲ್ಲಿಯವರೆಗೆ ನನ್ನ ತಕರಾರಿಲ್ಲ.

ತಕರಾರು ಹುಟ್ಟುವುದು ತುಂಗಭದ್ರೆಯಲ್ಲಿ. ಹಂಪಿಯ ವಿಠ್ಠಲ ದೇವಾಲಯದ ಕೆಳಗೆ, ಪುರಂದರ ಮಂಟಪದ ಸಮೀಪ, ಒರಟಾಗಿ ಸೀಳಿದ ಕಣಶಿಲೆಯ ಕಂಬಗಳು ಸಾಲುಸಾಲಾಗಿ ಹೊಳೆಯಲ್ಲಿ ನಿಂತಿವೆ. ಕೆಲವು ಕಂಬಗಳ ನೆತ್ತಿಗೆ ಅಡ್ಡಗಲ್ಲುಗಳು ಇನ್ನೂ ಇವೆ. ಮೇಲಿನ ಹಾಸು ಇಲ್ಲ. ಇದು ಆನೆಗೊಂದಿಯ ದಂಡೆಗೆ ಕಟ್ಟಿದ ಸೇತುವೆ ಎಂಬ ಬಗ್ಗೆ ಇಂದು ಹೆಚ್ಚಿನ ವಿವಾದವಿಲ್ಲ. ಕೈಪಿಡಿಗಳು ಇದನ್ನು ಕಲ್ಲುಸೇತುವೆ ಎಂದೇ ಪರಿಚಯಿಸುತ್ತವೆ, ಓದುಗ ಹಾಸೂ ಕಲ್ಲಿನದೇ ಎಂದುಕೊಳ್ಳುತ್ತಾನೆ. ಹಾಸು ಮರದ್ದಾಗಿತ್ತು, ಮಳೆಗಾಲಕ್ಕೆ ಮುನ್ನ ಅದನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ಬಿಚ್ಚಿಡುತ್ತಿದ್ದರು ಎಂಬುದು ಈ ಲೇಖನದ ವಾದ.

ಎದುರುವಾದ ಬಲವಾದುದು, ಅದನ್ನೇ ಮೊದಲು ನೋಡೋಣ. ಕಂಬ, ಅಡ್ಡಗಲ್ಲು, ಅವುಗಳ ಮೇಲೆ ಚಪ್ಪಡಿ ಎಂಬ ವಿಧಾನ ಕನ್ನಡ ನಾಡಿನಲ್ಲಿ ಚೆನ್ನಾಗಿಯೇ ಬೇರೂರಿತ್ತು. ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ 1804ರ ವೇಳೆಗೆ ಮುಗಿದ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ಕಮಾನಿಲ್ಲದೆ, ಕಲ್ಲಿನ ಕಂಬಗಳ ಮೇಲೆಯೇ ನಿಂತಿತು. 1830ರ ದಶಕದ ಆರಂಭದಲ್ಲಿ ಶಿವನಸಮುದ್ರದಲ್ಲಿ ರಾಮಸ್ವಾಮಿ ಮೊದಲಿಯಾರರು ಕಟ್ಟಿಸಿದ ಸೇತುವೆಗಳೂ ಇದೇ ಜಾತಿಯವು. ಹಂಪಿಯ ಮಂಟಪಗಳ ಮಾಡು ಕೂಡ ಕಲ್ಲಿನ ಚಪ್ಪಡಿಯೇ. ಇಷ್ಟೆಲ್ಲ ಗೊತ್ತಿದ್ದ ಶಿಲ್ಪಿಗಳು ಹೊಳೆಯ ಮೇಲೆ ಮಾತ್ರ ಮರಕ್ಕೆ ಏಕೆ ಹೋದಾರು?

ಹಾಗಾದರೆ ಆ ಚಪ್ಪಡಿಗಳು ಎಲ್ಲಿ ಹೋದವು? ಪ್ರವಾಹ ಕಂಬ ಕೆಡವಬಲ್ಲದು, ಚಪ್ಪಡಿ ಉರುಳಿಸಬಲ್ಲದು. ಆದರೆ ಕಂಬ ನಿಂತೇ ಇರುವ ಅಂಕಣಗಳಲ್ಲೂ ಹಾಸು ಮಾಯವಾಗಿರುವುದನ್ನು ಪ್ರವಾಹವೊಂದರಿಂದಲೇ ವಿವರಿಸುವುದು ಕಷ್ಟ. ಜನರೇ ಕಿತ್ತು ಒಯ್ದರು ಎನ್ನಬಹುದು. 1565ರ ನಂತರ ದಂಡೆಯ ಮೇಲೆ ಒಂದು ಇಡೀ ರಾಜಧಾನಿ ಹಾಳುಬಿದ್ದಿತ್ತು. ಕೆತ್ತಿದ ಕಲ್ಲು ಅಲ್ಲಿ ಎಣಿಕೆಗೆ ಸಿಗದಷ್ಟಿತ್ತು. ಅದನ್ನು ಬಿಟ್ಟು ನಡುಹೊಳೆಯ ಕಂಬಗಳ ನೆತ್ತಿಯಿಂದ ಟನ್ನುಗಟ್ಟಲೆ ತೂಕದ ಚಪ್ಪಡಿ ಇಳಿಸುವ ಸಾಹಸಕ್ಕೆ ಯಾರು ಕೈಹಾಕಿಯಾರು? ಮರದ ಹಾಸಾದರೆ ಈ ತೊಡಕಿಲ್ಲ. ನೋಡಿಕೊಳ್ಳುವವರಿಲ್ಲದ ತೊಲೆ ಕೆಲವೇ ಮಳೆಗಾಲಗಳಲ್ಲಿ ಕೊಳೆಯುತ್ತದೆ, ಉಳಿದದ್ದನ್ನು ಹೊಳೆ ಒಯ್ಯುತ್ತದೆ.

ಎರಡನೆಯ ಸಾಕ್ಷ್ಯ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್‌ನದು. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ ಬಂದ ಅವನು ಆನೆಗೊಂದಿಗೆ ಜನ ದಾಟುವುದನ್ನು ವರ್ಣಿಸಿದ್ದಾನೆ: ಬೆತ್ತದಿಂದ ಹೆಣೆದು ಹೊರಗೆ ಚರ್ಮ ಹೊದಿಸಿದ ಬುಟ್ಟಿಯಾಕಾರದ ದೋಣಿಗಳು, ಹದಿನೈದಿಪ್ಪತ್ತು ಜನ ಹಿಡಿಯುವಷ್ಟು ದೊಡ್ಡವು, ನೆಟ್ಟಗೆ ಸಾಗದೆ ಸುತ್ತುತ್ತಲೇ ದಡ ಸೇರುವಂಥವು. ಸೇತುವೆಯ ಸುದ್ದಿಯಿಲ್ಲ. ಆದ್ದರಿಂದ ಆಗ ಸೇತುವೆ ಇರಲಿಲ್ಲ, ಅಥವಾ ಆಗಲೇ ಮುರಿದಿತ್ತು ಎಂದು ತೀರ್ಮಾನಿಸುವುದು ಸುಲಭ. ನನಗೆ ಈ ತೀರ್ಮಾನ ಅವಸರದ್ದೆನಿಸುತ್ತದೆ. ಪಾಯೆಸ್ ವರ್ಣಿಸಿದ ಮಹಾನವಮಿ ಸೆಪ್ಟೆಂಬರ್ 12ರಂದು ಆರಂಭವಾಯಿತು ಎಂದು ಅವನೇ ಹೇಳುತ್ತಾನೆ. ಮಲೆನಾಡಿನ ಮಳೆಯ ನೀರು ತುಂಗೆ, ಭದ್ರೆಗಳಲ್ಲಿ ಇನ್ನೂ ಇಳಿದುಬರುವ ಕಾಲ ಅದು. 1953ರಲ್ಲಿ ಹೊಸಪೇಟೆಯ ಬಳಿ ಅಣೆಕಟ್ಟು ಬಂದ ಮೇಲಿನ ಹೊಳೆಯನ್ನು ನೋಡಿ ಅಂದಿನ ಸೆಳವನ್ನು ಅಳೆಯಬಾರದು. ಹಾಸು ಬಿಚ್ಚಿಟ್ಟ ತಿಂಗಳುಗಳಲ್ಲಿ ಬಂದವನಿಗೆ ಕಂಡದ್ದು ಹರಿಗೋಲು.

ಇದು ನನ್ನ ವಾದದ ಅತಿ ಧೈರ್ಯದ ಭಾಗ, ಆದ್ದರಿಂದ ಅದರ ಎಲ್ಲೆಯನ್ನೂ ಗುರುತಿಸಬೇಕು. ಪಾಯೆಸ್ ಹಬ್ಬದ ದಿನಗಳಷ್ಟೇ ನಗರದಲ್ಲಿದ್ದ ಎನ್ನಲು ಆಧಾರವಿಲ್ಲ. ಬೇಸಿಗೆಯಲ್ಲೂ ಇದ್ದಿದ್ದರೆ ಅವನ ಮೌನಕ್ಕೆ ತೂಕ ಹೆಚ್ಚುತ್ತದೆ. ಇನ್ನೊಂದೆಡೆ, ಅವನ ಮಾತಿರುವುದು ದೋಣಿಯ ವಿಚಿತ್ರ ರೂಪದ ಬಗ್ಗೆ. ಬೇರೆ ದಾರಿ ಇರಲಿಲ್ಲ ಎಂದು ಅವನು ಎಲ್ಲೂ ಹೇಳುವುದಿಲ್ಲ. ಅವನ ಮೌನ ಮರದ ಹಾಸನ್ನು ಸಾಧಿಸುವುದಿಲ್ಲ, ಆದರೆ ಅದಕ್ಕೆ ವಿರೋಧವೂ ಆಗುವುದಿಲ್ಲ. ಇದಕ್ಕಿಂತ ಹೆಚ್ಚಿನದನ್ನು ನಾನು ಅದರಿಂದ ಹಿಂಡಲಾರೆ.

ವರ್ಷವರ್ಷ ಕಟ್ಟಿ ಬಿಚ್ಚುವುದು ನಮ್ಮ ನಾಡಿಗೆ ಹೊಸದಲ್ಲ. ಉತ್ತರ ಕನ್ನಡದಿಂದ ದಕ್ಷಿಣ ಕನ್ನಡದವರೆಗೆ ಹಳ್ಳಗಳಿಗೆ ಅಡ್ಡವಾಗಿ ಊರವರು ಹಾಕುವ ಕಾಲುಸಂಕವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ಅಡಿಕೆ ಮರದ ನಾಲ್ಕಾರು ಕಾಂಡ, ಅಡ್ಡಪಟ್ಟಿಗೆ ಬಿಳಲಿನ ಇಲ್ಲವೇ ಹಗ್ಗದ ಕಟ್ಟು, ಒಂದು ಬದಿಗೆ ಬಿದಿರಿನ ಕೈಹಿಡಿ. ಮಳೆ ಹಿಡಿದ ಮೇಲೆ ಪಾಚಿಗಟ್ಟಿ ಕಾಲು ಜಾರುತ್ತದೆ; ಮುಂದಿನ ವರ್ಷಕ್ಕೆ ಕಾಂಡ ಮೆತ್ತಗಾಗುತ್ತದೆ. ಅಲ್ಲಿ ಮಳೆಗಾಲಕ್ಕೆಂದೇ ಸಂಕ ಹಾಕುತ್ತಾರೆ, ತುಂಗಭದ್ರೆಯಲ್ಲಿ ಮಳೆಗಾಲಕ್ಕೆಂದು ತೆಗೆಯಬೇಕಾಗಿತ್ತು. ದುರಸ್ತಿಯನ್ನು ಋತುವಿಗೆ ಕಟ್ಟಿ, ಊರಿನ ಕೈಗೆಲಸವಾಗಿ ಇಟ್ಟುಕೊಳ್ಳುವ ಕ್ರಮ ಎರಡಕ್ಕೂ ಸಾಮಾನ್ಯ. ಸೇತುವೆಯೆಂದರೆ ಒಮ್ಮೆ ಕಟ್ಟಿ ಮರೆಯುವ ವಸ್ತು ಎಂಬ ಇಂದಿನ ಕಲ್ಪನೆಯನ್ನು ಹಿಂದಕ್ಕೆ ಹೇರಿದ್ದರಿಂದಲೇ ಹಂಪಿಯ ಕಂಬಗಳು ನಮಗೆ ಒಗಟಾಗಿವೆ.

ಮರ ಸಿಗುತ್ತಿತ್ತೇ ಎಂಬ ಸಂದೇಹಕ್ಕೆ ವಿಜಯಪುರವೇ ಉತ್ತರ ಕೊಡುತ್ತದೆ. 1646ರ ಸುಮಾರಿಗೆ ಕಟ್ಟಿದ ಆಸಾರ್ ಮಹಲಿನ ಮುಂಭಾಗವನ್ನು ಹೊತ್ತಿರುವುದು ನಾಲ್ಕು ಭಾರೀ ಮರದ ಕಂಬಗಳು. ಕಾಡಿಲ್ಲದ ಬಯಲಿಗೇ ಅಂಥ ಮರ ಬಂದಿರುವಾಗ, ಮಲೆನಾಡಿನಿಂದಲೇ ಹರಿದುಬರುವ ಹೊಳೆಯ ದಂಡೆಗೆ ತೊಲೆ ತರಿಸುವುದು ಕಷ್ಟವಿರಲಾರದು. ಹಾಗಿದ್ದೂ ಡೋಣಿಗೆ ಇಂಥ ಸೇತುವೆ ಒದಗಲಿಲ್ಲವೆಂದರೆ, ಕೊರತೆ ಮರದ್ದಕ್ಕಿಂತ ಕಂಬ ಊರುವ ಬಂಡೆಯದು ಎನ್ನಬೇಕಾಗುತ್ತದೆ. ತುಂಗಭದ್ರೆಯ ತಳದಲ್ಲೇ ಕಣಶಿಲೆಯಿದೆ.

1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಂಚಿನ ಪಟ್ಟಿಗೆ ಸೇರಿಸಿದಾಗ ಎದ್ದ ಚರ್ಚೆಯೆಲ್ಲ ಆನೆಗೊಂದಿಗೆ ಕಟ್ಟುತ್ತಿದ್ದ ಹೊಸ ಸೇತುವೆಯ ಸುತ್ತಲೇ ನಡೆಯಿತು. 2009ರ ಜನವರಿಯಲ್ಲಿ ಆ ಹೊಸ ಸೇತುವೆ ಕಟ್ಟುತ್ತಿರುವಾಗಲೇ ಕುಸಿದು ಕಾರ್ಮಿಕರು ಸತ್ತರು. ಆ ಗದ್ದಲದಲ್ಲಿ ಹಳೆಯ ಕಂಬಗಳಿಗೆ ಸಿಗಬೇಕಾದ ಗಮನ ಸಿಗಲಿಲ್ಲವೆಂಬ ಕೊರಗು ನನಗಿದೆ. ನನ್ನ ವಾದವನ್ನು ಪರೀಕ್ಷಿಸುವ ದಾರಿ ಆ ಕಂಬಗಳಲ್ಲೇ ಇದೆ. ನೀರಿಳಿದಾಗ ಸಾಲಿನಿಂದ ಸಾಲಿಗಿರುವ ಅಂತರವನ್ನು ಅಳೆದು, ಹಂಪಿಯ ಮಂಟಪಗಳ ಚಪ್ಪಡಿಯ ಉದ್ದದೊಡನೆ ಹೋಲಿಸಬೇಕು; ಅಡ್ಡಗಲ್ಲುಗಳ ಮೇಲ್ಮೈಯಲ್ಲಿ ತೊಲೆ ಕೂರಿಸುವ ಕಚ್ಚುಗಳಿವೆಯೇ ನೋಡಬೇಕು. ಅಂತರ ಚಪ್ಪಡಿಗೆ ಹೊಂದಿ, ಕಚ್ಚು ಎಲ್ಲೂ ಇಲ್ಲದಿದ್ದರೆ ಮರದ ಹಾಸಿನ ವಾದವನ್ನು ಬಿಡಬೇಕಾಗುತ್ತದೆ. ಸೇತುವೆಯ ಕಾಲನಿರ್ಣಯ ಬೇರೆಯೇ ಪ್ರಶ್ನೆ: ಎರಡೂ ದಂಡೆಗಳಲ್ಲಿ ಜನವಸತಿ ದಟ್ಟವಾಗಿದ್ದ 1565ರ ಹಿಂದಿನ ಕಾಲ ಎಂಬಷ್ಟನ್ನು ಸಂಭವನೀಯವೆನ್ನಬಹುದು, ಯಾವ ಅರಸನದು ಎಂಬುದು ತೀರ್ಮಾನಕ್ಕೆ ಬಾಕಿಯಿದೆ.