ಕಂಠೀರವದ ಅಂಗಳ, ರಿಲೇ ಕೋಲಿನ ಋಣ

ದಾವಣಗೆರೆಯವರಿಗೆ ಅಥ್ಲೆಟಿಕ್ಸ್ ಸ್ವಲ್ಪ ದೂರದ ನೆಂಟ. ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ನೆರೆಯುವ ಜನ ನೂರು ಮೀಟರ್ ಓಟಕ್ಕೆ ನೆರೆಯುವುದಿಲ್ಲ. ಆದರೂ ಎಂ.ಸಿ.ಸಿ. ಬಡಾವಣೆಯ ಹುಡುಗಿಯೊಬ್ಬಳು ತಾಲ್ಲೂಕು, ಜಿಲ್ಲೆ, ವಿಭಾಗಗಳನ್ನು ದಾಟಿದಳೆಂದರೆ ಅವಳ ಕಣ್ಣು ನೆಡುವುದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದ ಮೇಲೆಯೇ. 1997ರಲ್ಲಿ ರಾಷ್ಟ್ರೀಯ ಕ್ರೀಡಾಕೂಟ ಕರ್ನಾಟಕಕ್ಕೆ ಬಂದಾಗ ಆ ಅಂಗಳ ಹೊಸ ಕಳೆ ಪಡೆಯಿತು. ಚಿತ್ರದುರ್ಗದಿಂದ ಬೇರ್ಪಟ್ಟು ನಮ್ಮ ಜಿಲ್ಲೆ ಹುಟ್ಟಿದ್ದೂ ಅದೇ ವರ್ಷ, ಆಗಸ್ಟ್ 15ರಂದು.

ಕನ್ನಡ ನೆಲದ ಓಟದ ಕಥೆ ಮಾತ್ರ ಕ್ರೀಡಾಂಗಣಕ್ಕಿಂತ ಹಳೆಯದು. 1920ರ ಆಂಟ್ವರ್ಪ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆ 19ನೆಯವರಾಗಿ ಗುರಿ ಮುಟ್ಟಿದರು. ಆಮೇಲಿನ ನಮ್ಮ ಹೆಚ್ಚಿನ ಹೆಮ್ಮೆ ಒಂಟಿ ಓಟಕ್ಕಿಂತ ರಿಲೇಗೆ ಸೇರಿದ್ದು. ಅದಕ್ಕೇ ಹೆಸರುಗಳು ಬೇಗ ಮರೆಯಾದವು ಎಂಬುದು ನನ್ನ ಅನಿಸಿಕೆ.

ಕೆನೆತ್ ಪೊವೆಲ್ ಅವರನ್ನೇ ನೋಡಿ. ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯ ನೌಕರರಾಗಿದ್ದವರು. 1964ರ ಟೋಕಿಯೊದಲ್ಲಿ ಸೆಮಿಫೈನಲ್ ತಲುಪಿದ 4x100 ತಂಡದಲ್ಲಿದ್ದರು, 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ತಂದರು. ಈ ಓಟದಲ್ಲಿ ಕೋಲು ಪಡೆಯುವವನು ಹಿಂದಿರುಗಿ ನೋಡುವ ಹಾಗಿಲ್ಲ. ಗುರುತು ಹಾಕಿಟ್ಟ ಜಾಗವನ್ನು ಹಿಂದಿನವನು ದಾಟುತ್ತಿದ್ದಂತೆ ಜಿಗಿದು ಓಡಬೇಕು, ಕೈ ಹಿಂದಕ್ಕೆ ಚಾಚಬೇಕು, ಅಂಗೈಗೆ ಕೋಲು ಬಂದೇ ಬರುತ್ತದೆಂದು ನಂಬಬೇಕು. ಗಳಿಗೆಯ ಅನುಮಾನವೂ ಪದಕ ಕಳೆಯುತ್ತದೆ. 4x400ರಲ್ಲಿ ಹಾಗಲ್ಲ, ದಣಿದು ಬರುವವರನ್ನು ನೋಡಿಯೇ ಕೋಲು ತೆಗೆದುಕೊಳ್ಳಬೇಕು. 1984ರ ಲಾಸ್ ಏಂಜಲೀಸ್ ಫೈನಲ್‌ನಲ್ಲಿ ಏಳನೆಯ ಸ್ಥಾನ ಪಡೆದ ಮಹಿಳಾ ತಂಡದಲ್ಲಿ ವಂದನಾ ರಾವ್ ಇದ್ದರು. 1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ಪಿ.ಟಿ. ಉಷಾ ಗೆದ್ದ ನಾಲ್ಕು ಚಿನ್ನ ಎಲ್ಲರ ಬಾಯಲ್ಲಿದೆ. ಅದರಲ್ಲೊಂದು ರಿಲೇಯದು, ಅದರ ಕಾಲು ಪಾಲು ನಮ್ಮ ವಂದನಾ ಅವರದು ಎಂದು ಹೇಳುವವರು ಎಷ್ಟು ಮಂದಿ?

ಕೊಡಗಿನ ಅಶ್ವಿನಿ ನಾಚಪ್ಪ ಅವರಿಗೆ ಆ ತೊಂದರೆಯಾಗಲಿಲ್ಲ. ಉಷಾ ಅವರನ್ನೇ ಹಿಂದಿಕ್ಕಿದ ಮೇಲೆ ನಾಡೆಲ್ಲ ಗುರುತಿಸಿತು. ಎಂ.ಆರ್. ಪೂವಮ್ಮ ಮತ್ತೆ ರಿಲೇಯವರು: 2014ರ ಇಂಚಿಯಾನ್, 2018ರ ಜಕಾರ್ತಾ ಏಷ್ಯನ್ ಗೇಮ್ಸ್ ಎರಡರಲ್ಲೂ 4x400 ಚಿನ್ನ. ಜಕಾರ್ತಾದ ಮಿಶ್ರ ರಿಲೇಯಲ್ಲಿ ಮೊದಲು ಸಿಕ್ಕಿದ್ದು ಬೆಳ್ಳಿ. ಬಹರೇನ್ ತಂಡ ಉದ್ದೀಪನ ಮದ್ದಿನಿಂದ ಅನರ್ಹಗೊಂಡು ಅದೂ ಚಿನ್ನವಾಯಿತು.

ಎಸೆತ, ಜಿಗಿತದವರ ಮಾತು ಚುಟುಕಾಗಿ. ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ 2014ರ ಗ್ಲಾಸ್ಗೊ ಕಾಮನ್‌ವೆಲ್ತ್‌ನಲ್ಲಿ 63.64 ಮೀಟರ್ ಡಿಸ್ಕಸ್ ಎಸೆದರು. 1958ರ ಮಿಲ್ಖಾ ಸಿಂಗ್ ನಂತರ ಆ ಕೂಟದ ಪುರುಷರ ಅಥ್ಲೆಟಿಕ್ಸ್‌ನಲ್ಲಿ ಭಾರತಕ್ಕೆ ಅದೇ ಮೊದಲ ಚಿನ್ನ. ಶಿರಸಿಯ ಕಾಶಿನಾಥ ನಾಯ್ಕ 2010ರ ದೆಹಲಿ ಕಾಮನ್‌ವೆಲ್ತ್‌ನಲ್ಲಿ ಜಾವೆಲಿನ್ ಕಂಚು ಗೆದ್ದರು. ಹಾಸನ ಕಡೆಯ ಎಚ್.ಎನ್. ಗಿರೀಶ್ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ 1.74 ಮೀಟರ್ ಹಾರಿ ತಂದ ಬೆಳ್ಳಿ, 2012ರಲ್ಲಿ ಆ ಕೂಟದಿಂದ ಭಾರತಕ್ಕೆ ಬಂದ ಏಕೈಕ ಪದಕ.

ಮತ್ತೆ ಅಂಗಳಕ್ಕೆ ಬರೋಣ. 2025ರ ಜುಲೈ 5ರ ಸಂಜೆ ಕಂಠೀರವದಲ್ಲಿ ನೀರಜ್ ಚೋಪ್ರಾ 86.18 ಮೀಟರ್ ಎಸೆದು ತಮ್ಮ ಹೆಸರಿನ ಕೂಟವನ್ನೇ ಗೆದ್ದರು. ಕೀನ್ಯಾದ ಜೂಲಿಯಸ್ ಯೇಗೊ ಎರಡನೆಯವರು, ಶ್ರೀಲಂಕಾದ ರುಮೇಶ್ ಪತಿರಗೆ ಮೂರನೆಯವರು. ಜಾವೆಲಿನ್ ನೋಡಲು ಬೆಂಗಳೂರು ಟಿಕೆಟ್ ಕೊಂಡು ಕೂತಿತು!

ಇನ್ನು ಓದುಗರಲ್ಲಿ ಒಂದು ಕೋರಿಕೆ. ದಾವಣಗೆರೆ, ಹರಿಹರದ ಹಳೆಯ ಓಟಗಾರರ ಪ್ರಮಾಣಪತ್ರಗಳು, ರಿಲೇ ತಂಡಗಳ ಫೋಟೋಗಳು ನಿಮ್ಮ ಮನೆಯ ಟ್ರಂಕಿನಲ್ಲಿದ್ದರೆ ಹಿಂಬದಿಯಲ್ಲಿ ನಾಲ್ವರ ಹೆಸರು, ವರ್ಷ ಬರೆದು, ಪ್ರತಿಯೊಂದನ್ನು ಈ ಸಂಚಿಕೆಯ ಸಂಪಾದಕರಿಗೆ ತಲುಪಿಸಿ.