ನಾಣ್ಯದ ಮೇಲಣ ರಾಶಿಚಕ್ರ

ಮೇಷ ವೃಶ್ಚಿಕಗಳಿಗೆ ಕುಜ, ವೃಷಭ ತುಲೆಗಳಿಗೆ ಶುಕ್ರ, ಮಿಥುನ ಕನ್ಯೆಗಳಿಗೆ ಬುಧ—ಹೀಗೆ ರಾಶ್ಯಧಿಪತಿಗಳ ಪಟ್ಟಿಯನ್ನು ಪಂಚಾಂಗ ಬಲ್ಲವರು ಬಾಯಿಪಾಠವಾಗಿ ಒಪ್ಪಿಸುವುದುಂಟು. ಇದೇ ಪಟ್ಟಿ ಒಮ್ಮೆ ಈಜಿಪ್ಟಿನ ಅಲೆಕ್ಸಾಂಡ್ರಿಯ ನಗರದ ಟಂಕಸಾಲೆಯಿಂದ ಕಂಚಿನ ನಾಣ್ಯಗಳಾಗಿ ಹೊರಬಿದ್ದಿತೆಂದರೆ ವಾಚಕರಿಗೆ ಅಚ್ಚರಿಯಾದೀತು.

ಆಗ ಈಜಿಪ್ಟು ರೋಮಿನ ಒಂದು ಪ್ರಾಂತ. ಚಕ್ರವರ್ತಿ ಆಂಟೊನೈನಸ್ ಪಯಸನ ಆಳ್ವಿಕೆಯ ಎಂಟನೆಯ ವರ್ಷದಲ್ಲಿ, ಎಂದರೆ ಕ್ರಿ. ಶ. 144-145ರಲ್ಲಿ, ಈ ನಾಣ್ಯಮಾಲೆ ಅಚ್ಚಾಯಿತು. ಒಂದು ಬದಿಗೆ ಚಕ್ರವರ್ತಿಯ ಮುಖ. ಇನ್ನೊಂದು ಬದಿಗೆ ರಾಶಿಯ ಆಕೃತಿ, ಜೊತೆಗೆ ಅದರ ಒಡೆಯನಾದ ಗ್ರಹದೇವತೆ. ಸಿಂಹದೊಡನೆ ಸೂರ್ಯ, ಏಡಿಯೊಡನೆ ಚಂದ್ರ, ಟಗರಿನೊಡನೆ ಕುಜ, ಬಿಲ್ಲುಗಾರನೊಡನೆ ಗುರು.

ಈ ಹಂಚಿಕೆಗೆ ಕಾರಣವೇನು? ಅದೇ ಕಾಲದಲ್ಲಿ ಅದೇ ನಗರದಲ್ಲಿದ್ದ ಟಾಲೆಮಿ ತನ್ನ ‘ಟೆಟ್ರಾಬಿಬ್ಲಾಸ್’ ಗ್ರಂಥದಲ್ಲಿ ಅದನ್ನು ವಿವರಿಸಿದ್ದಾನೆ. ಕರ್ಕಾಟಕ ಸಿಂಹಗಳು ಕಡುಬೇಸಗೆಯ ರಾಶಿಗಳು. ಆದುದರಿಂದ ಅವು ಬೆಳಕಿನ ಒಡೆಯರಾದ ಚಂದ್ರಸೂರ್ಯರವು. ಶನಿ ಶೀತಗ್ರಹ, ಎಲ್ಲಕ್ಕಿಂತ ದೂರದವನು. ಅವನಿಗೆ ಎದುರಿನ ಮಕರ ಕುಂಭಗಳು. ಉಳಿದವರಿಗೆ ದೂರದ ಕ್ರಮದಲ್ಲಿ ನಡುವಿನ ಮನೆಗಳು.

ನಾಣ್ಯದ ಮೇಲೆ ರಾಶಿ ಮೂಡಿದ್ದು ಇದೇ ಮೊದಲಲ್ಲ. ಮೊದಲ ಚಕ್ರವರ್ತಿ ಅಗಸ್ಟಸನು ತನ್ನ ಜಾತಕವನ್ನು ಬಹಿರಂಗಪಡಿಸಿ, ಮಕರದ ಚಿಹ್ನೆಯುಳ್ಳ ಬೆಳ್ಳಿ ನಾಣ್ಯಗಳನ್ನು ಹೊರಡಿಸಿದ್ದನು. ಮುಂದಿನರ್ಧ ಮೇಕೆ, ಹಿಂದಿನರ್ಧ ಮೀನು—ಅದು ಯವನರ ಮಕರ. ಆದರೆ ಅದೇ ಅಗಸ್ಟಸನು ಕ್ರಿ. ಶ. 11ರಲ್ಲಿ, ಭವಿಷ್ಯ ನುಡಿಯುವವರು ಯಾರೊಡನೆಯೂ ಏಕಾಂತದಲ್ಲಿ ನುಡಿಯಬಾರದೆಂದೂ, ಸಾವಿನ ವಿಚಾರವನ್ನಂತೂ ನಾಲ್ವರ ಎದುರಿಗೂ ಆಡಬಾರದೆಂದೂ ಆಜ್ಞೆ ಮಾಡಿದನು. ದೊರೆಯ ಭಾಗ್ಯವನ್ನು ಪ್ರಜೆಗಳು ನಾಣ್ಯದಲ್ಲಿ ನೋಡಬಹುದು. ಅದು ಮುಗಿಯುವ ದಿನವನ್ನು ಮಾತ್ರ ಕೇಳಕೂಡದು!

ಅಲೆಕ್ಸಾಂಡ್ರಿಯದ ನಾಣ್ಯಗಳ ರೀತಿ ಬೇರೆ. ಅಲ್ಲಿರುವುದು ಒಬ್ಬನ ಜಾತಕವಲ್ಲ, ವಿಶ್ವದ ವ್ಯವಸ್ಥೆ. ಲುಬ್ಧಕ ನಕ್ಷತ್ರದ ಉದಯವೂ ಹಳೆಯ ಈಜಿಪ್ಟ್ ಪಂಚಾಂಗದ ವರ್ಷಾರಂಭವೂ ಒಂದೇ ದಿನ ಕೂಡಿಬರುವುದು ಸುಮಾರು 1,460 ವರ್ಷಗಳಿಗೊಮ್ಮೆ. ಕ್ರಿ. ಶ. 139ರಲ್ಲಿ ಹಾಗೆ ಕೂಡಿಬಂದಿತ್ತು. ಆ ನವಯುಗದ ಸ್ಮರಣೆಗಾಗಿ ಇವು ಹೊರಟವೆಂದು ಹಲವು ವಿದ್ವಾಂಸರ ಊಹೆ. ಗ್ರಹಗಳೆಲ್ಲ ಸ್ವಕ್ಷೇತ್ರದಲ್ಲಿವೆ, ಚಕ್ರವರ್ತಿಯೂ ತನ್ನ ಪೀಠದಲ್ಲಿದ್ದಾನೆ. ಲೋಕ ಸುಭಿಕ್ಷ—ಇದೇ ಅವುಗಳ ಧ್ವನಿಯಾಗಿರಬೇಕು.

ಈ ನಾಣ್ಯಗಳು ಈಜಿಪ್ಟಿನ ಗಡಿಯೊಳಗೆ ಮಾತ್ರ ಚಲಾವಣೆಗೆಂದು ಹುಟ್ಟಿದವು. ಅವು ಹೊತ್ತ ವಿದ್ಯೆಗಾದರೋ ಗಡಿಯಿರಲಿಲ್ಲ. ಆರನೆಯ ಶತಮಾನದ ವರಾಹಮಿಹಿರನು ‘ಬೃಹಜ್ಜಾತಕ’ದಲ್ಲಿ ರಾಶಿಗಳಿಗೆ ಕ್ರಿಯ, ತಾವುರಿ, ಜಿತುಮ ಎಂಬ ಹೆಸರುಗಳನ್ನು ಕೊಡುತ್ತಾನೆ. ಇವು ಗ್ರೀಕರ ಕ್ರಿಯೋಸ್, ಟಾರೊಸ್, ದಿದುಮೋಯ್ ಎಂಬ ಮಾತುಗಳ ರೂಪಾಂತರಗಳೇ. ಆ ಸಾಮ್ರಾಜ್ಯ ಅಳಿದುಹೋಯಿತು. ಅದರ ನಾಣ್ಯದ ಮೇಲಿದ್ದ ಪಟ್ಟಿ ಮಾತ್ರ ನಮ್ಮ ಪಂಚಾಂಗಗಳಲ್ಲಿ ವರ್ಷವರ್ಷವೂ ಅಚ್ಚಾಗುತ್ತಲೇ ಇದೆ.